ಎರಡನೇ ಪಾಳಿಯ ಫ್ಲಾಪಿಯೂ ವೆಂಕಟೇಶಪ್ಪನ ಹತ್ತೊಂಬತ್ತು ದಿನಗಳೂ

ಹಾಜರಾತಿ ಕಂಪ್ಯೂಟರಿನ ಮೇಲಧಿಕಾರಿಗಳೇ,

ಆಯುಧಪೂಜೆಯ ಮಾರನೆಯ ದಿನದಿಂದ ನಮ್ಮ ಕಾರ್ಖಾನೆಯ ಎರಡನೇ ಪಾಳಿಗೆ ಒಬ್ಬರೂ ಬಂದಿಲ್ಲವೆಂದು ತಮ್ಮ ಕಂಪ್ಯೂಟರ್ ಹೇಳುತ್ತಿದೆ. ಮಾಲು ಮಾತ್ರ ದಿನಾ ಲಾರಿ ತುಂಬಿ ಹೊರಡುತ್ತಿದೆ. ಹಾಗಾದರೆ ಅದನ್ನು ತಯಾರಿಸುತ್ತಿರುವವು ದೆವ್ವಗಳೇ ಸ್ವಾಮಿ?

ಮೂರು ಸಲ ಟಿಪ್ಪಣಿ ಬರೆದು ಸುಸ್ತಾದೆ. ಅದಕ್ಕೇ ಇದನ್ನು ಕ್ಯಾಂಟೀನಿನ ಗೋಡೆಗೆ ಅಂಟಿಸುತ್ತಿದ್ದೇನೆ. ಹಾಜರಾತಿ ಹಾಳೆಯ ಲೆಕ್ಕ ತಾನಾಗಿಯೇ ಆಗಲೆಂದು ಕಂಪ್ಯೂಟರಿನಲ್ಲಿ ನಾನು ಬರೆದ ಮ್ಯಾಕ್ರೊ, ಎರಡನೇ ಪಾಳಿಯ ಲೆಕ್ಕಕ್ಕೆ ಇನ್ನೊಂದು ಫ್ಲಾಪಿಯಲ್ಲಿರುವ ಲೈಬ್ರರಿಯನ್ನು, ಅಂದರೆ ಲೆಕ್ಕದ ಸೂತ್ರಗಳ ಕಡತವನ್ನು, ಹುಡುಕುತ್ತದೆ. ಅದು ಸಿಗದಿದ್ದರೆ ಸೊನ್ನೆ ಹಾಕಿ ಮುಂದಕ್ಕೆ ಹೋಗುತ್ತದೆ. ಏಕೆ ಸಿಗುತ್ತಿಲ್ಲ ಎಂಬುದು ತಮಗೂ ಗೊತ್ತು. ಪೂಜೆಯ ದಿನ ಲೇತಿಗೆ, ಲಾರಿಗೆ ಆದಂತೆ ಫ್ಲಾಪಿಗೂ ಗಂಧ ಕುಂಕುಮ ಆಗಲಿ ಎಂದಿರಿ. ಆಯಿತು, ಸರಿಯಾಗಿ ಕಂಪ್ಯೂಟರ್ ಅದನ್ನು ಓದುವ ಕಿಂಡಿಯ ಮೇಲೆಯೇ ಆಯಿತು. ಈಗ ‘ಪೂಜೆಯಿಂದ ಕೆಟ್ಟಿತು’ ಎಂದು ಬರೆದರೆ ಅಪಶಕುನವಂತೆ. ‘ಕಾರ್ಮಿಕ ಗೈರುಹಾಜರು’ ಎಂದು ಬರೆದರೆ ಬಹಳ ಶುಭವೋ?

ಸೂಳಗಿರಿಯ ವೆಂಕಟೇಶಪ್ಪ ನಮ್ಮಲ್ಲಿ ತಾತ್ಕಾಲಿಕ ನೌಕರ. ಈ ತಿಂಗಳ ಕೊನೆಯೊಳಗೆ ಇನ್ನೂರನಲವತ್ತು ದಿನ ತುಂಬಿದರೆ ಕಾಯಂ ಆಗುತ್ತಾನೆ. ಅವನು ದುಡಿದದ್ದು ಇನ್ನೂರನಲವತ್ತೊಂದು ದಿನ, ಹಾಳೆಯಲ್ಲಿರುವುದು ಇನ್ನೂರಿಪ್ಪತ್ತೆರಡು. ಪಾಳಿ ಬದಲಾಗುತ್ತಾ ಪೂಜೆಯ ನಂತರ ಅವನಿಗೆ ಎರಡನೇ ಪಾಳಿ ಬಿದ್ದ ಹತ್ತೊಂಬತ್ತು ದಿನವೂ ಸೊನ್ನೆ. ನಿನ್ನೆ ನನ್ನ ಮೇಜಿನ ಮುಂದೆ ಬಂದು ನಿಂತ.

“ಸಾರ್, ಗೇಟ್ನಾಗೆ ವಾಚ್‌ಮನ್ನು ದಿನಾ ನನ್ನ ಊಟದ ಡಬ್ಬಿ ತೆಗ್ಸಿ ನೋಡವ್ನೆ. ನಾನ್ ಬರ್ದೆ ಡಬ್ಬಿ ಒಂದೇ ನಡ್ಕೊಂಡ್ ಬಂದಿತ್ತಾ?”

“ಸರಿ ಮಾಡಿಸ್ತೀನಿ ಕಣಪ್ಪ” ಎಂದೆ.

“ಯಾವಾಗ ಸಾರ್? ಮೂವತ್ತೊಂದಕ್ಕೆ ಪಟ್ಟಿ ಮುಗ್ದೋಯ್ತದೆ.”

ನನಗೆ ತಲೆಯೆತ್ತಿ ನೋಡಲು ನಾಚಿಕೆಯಾಯಿತು.

ಹಳೆಯ ಮುದ್ರಿತ ಪ್ರತಿ ನೋಡಿ ಇಡೀ ಲೈಬ್ರರಿಯನ್ನು ಕಾಗದದಲ್ಲಿ ಮತ್ತೆ ಬರೆದಿಟ್ಟಿದ್ದೇನೆ. ಅದನ್ನು ಹೊಸ ಫ್ಲಾಪಿಗೆ ಹೊಡೆಯಬೇಕು, ಮ್ಯಾಕ್ರೊದ ಒಂದು ಸಾಲಿನಲ್ಲಿ ಹೊಸ ಹೆಸರು ತೋರಿಸಬೇಕು, ಹಳೆಯ ದಿನಗಳ ಲೆಕ್ಕವನ್ನು ಮತ್ತೊಮ್ಮೆ ಓಡಿಸಬೇಕು. ಒಂದು ಮಧ್ಯಾಹ್ನದ ಕೆಲಸ. ತಾವೋ, ತಪ್ಪು ಯಾರದೆಂದು ವಿಚಾರಣೆಯಲ್ಲಿ ತಿಳಿಯುವವರೆಗೆ ನಾನು ಕಂಪ್ಯೂಟರ್ ಮುಟ್ಟಬಾರದೆಂದು ಆದೇಶ ಹೊರಡಿಸಿದ್ದೀರಿ. ವಿಚಾರಣೆಯ ಮೊದಲ ದಿನ ಜನವರಿ ಹತ್ತು!

ತಪ್ಪಿತಸ್ಥ ತಾನೇ ಬೇಕಾಗಿರುವುದು? ಬರೆದುಕೊಳ್ಳಿ: ಹೇಳಿದ್ದು ತಾವು, ಹಚ್ಚಿದ್ದು ನಾನು. ಬೇಕಾದರೆ ‘ಹೇಳಿದ್ದು ತಾವು’ ಎಂಬುದನ್ನು ಹೊಡೆದುಹಾಕಿ. ನನ್ನನ್ನು ಮನೆಗೆ ಕಳಿಸುವುದಿದ್ದರೂ ಕಳಿಸಿ. ಅದಕ್ಕೆ ಮೊದಲು ಒಂದು ಮಧ್ಯಾಹ್ನ ಆ ಕುರ್ಚಿಯಲ್ಲಿ ಕೂರಲು ಬಿಡಿ.

ಇಂತಿ,
ಗಂಧ ಹಚ್ಚಿದ ಕೈ,
ಚೆನ್ನಕೇಶವ, ಅವಲಪಲ್ಲಿ
ಹಾಜರಾತಿ ಗುಮಾಸ್ತ (ಸದ್ಯಕ್ಕೆ)
೨೦ ಡಿಸೆಂಬರ್ ೧೯೮೯