ಎರಡನೆಯ ಡ್ರೈವರ್

ಫ್ರೀಮ್ಯಾಂಟಲ್
20 ಮೇ 2025

ಪ್ರೀತಿಯ ಮಾಲಾ,

ಸ್ಪೇನಿನಲ್ಲಿ ಬಾಡಿಗೆ ಕಾರು ಬುಕ್ ಆಯಿತು. ಓಡಿಸುವವರ ಜಾಗದಲ್ಲಿ ಸದ್ಯಕ್ಕೆ ನನ್ನ ಹೆಸರೊಂದೇ ಇದೆ. ನಿನ್ನೆ ಅಡಿಲೇಡಿನಿಂದ ಉತ್ತಮ್ ಫೋನ್ ಮಾಡಿ ತಿಳಿಸಿದರು. ನಿನ್ನ ಭಾವ ನಟರಾಜ್ ಅವರ ಹಳೆಯ ಸಹೋದ್ಯೋಗಿ, ಗೊತ್ತಲ್ಲ. ಪ್ರವಾಸದ ಏರ್ಪಾಡೆಲ್ಲ ಅವರದೇ.

ಯುಗಾದಿಗೆ ನೀನು ಕೇಳಿದ ಮಾತಿಗೆ ಇನ್ನೂ ಉತ್ತರ ಕೊಟ್ಟಿಲ್ಲ, ಬೇಸರ ಮಾಡಿಕೊಳ್ಳಬೇಡ. ನಟರಾಜ್ ಈಗ ಮನೆಯಿಂದಲೇ ಕೆಲಸ ಮಾಡುತ್ತಾರೆ. ನಾನು ಫೋನ್ ಹಿಡಿದರೆ ಪಕ್ಕದ ಕೋಣೆಗೆ ಎಲ್ಲ ಕೇಳುತ್ತದೆ. ಅದಕ್ಕೇ ಈ ಕಾಗದ. ನೀವೆಲ್ಲ ಕ್ಷೇಮ ತಾನೆ? ರನ್‌ಕಾರ್ನ್‌ನಲ್ಲಿ ಸೆಕೆ ಇಳಿಯಿತೆ? ಇಲ್ಲಿ ಬೆಳಗಿನ ಹೊತ್ತು ಸ್ವೆಟರ್ ಬೇಕಾಗಿದೆ.

ಸ್ಪೇನಿನ ವೈನ್ ಸೀಮೆ ರಿಯೋಹಾಗೆ ಹೋಗುವುದು ನನ್ನದೇ ಆಸೆ. ಐವತ್ತು ತುಂಬುವಾಗ ಅಲ್ಲಿನ ದ್ರಾಕ್ಷಿ ಕೊಯ್ಲು ನೋಡಬೇಕು, ಕಲ್ಲಿನ ನೆಲಮಾಳಿಗೆಯಲ್ಲಿ ನಿಂತು ಒಂದು ಗ್ಲಾಸ್ ಕೆಂಪು ವೈನ್ ಕುಡಿಯಬೇಕು ಅಂತ ನಿನ್ನೆದುರೇ ಹೇಳಿದ್ದೆ. ಈಗ ಸೆಪ್ಟೆಂಬರಿಗೆ ನಾವಿಬ್ಬರು, ಉತ್ತಮ್, ಅವರ ಹೆಂಡತಿ ಶ್ರೀಲಕ್ಷ್ಮಿ ಹೊರಟಿದ್ದೇವೆ. ಬಿಲ್ಬಾವೊದಲ್ಲಿ ಕಾರು ತೆಗೆದುಕೊಂಡು ಹಾರೋ ಊರಿಗೆ. ದಿನಕ್ಕೆ ಎರಡು ವೈನರಿ. ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು.

"ಅತ್ತಿಗೆ, ನೀವಿದ್ದೀರಿ ಅಂತಲೇ ಈ ಟ್ರಿಪ್," ಅಂದರು ಸ್ಪೀಕರ್ ಫೋನಿನಲ್ಲಿ ಉತ್ತಮ್. "ವೈನ್ ಟೇಸ್ಟಿಂಗ್ ಮೂರು ಜನಕ್ಕೆ ಬುಕ್ ಮಾಡ್ಬಿಟ್ಟೆ."

ಹಿಂದಿನಿಂದ ಶ್ರೀಲಕ್ಷ್ಮಿ, "ಹರಕೆ ಹೊತ್ತೋರು ಸ್ಟೀರಿಂಗ್ ಹಿಡಿದ್ರೆ ಇನ್ಶೂರೆನ್ಸೇ ಬೇಡ ಬಿಡಿ! ವೇದಾಗೆ ನಾನು ದ್ರಾಕ್ಷಿ ಜ್ಯೂಸ್ ಕೊಡಿಸ್ತೀನಿ," ಎಂದು ನಕ್ಕಳು.

ನಾನೂ ನಕ್ಕೆ. ಇಲ್ಲಿನ ಸ್ವಾನ್ ವ್ಯಾಲಿಯ ವೈನರಿಗಳಿಗೆ ಹೋದಾಗಲೂ ಹೀಗೇ. ಉಳಿದವರೆಲ್ಲ ಒಳಗಿರುತ್ತಾರೆ, ನಾನು ಕಾರಿನ ಪಕ್ಕದ ಬೆಂಚಿನ ಮೇಲೆ ಕೀ ಹಿಡಿದು ಕೂತಿರುತ್ತೇನೆ. ಹಬ್ಬದಲ್ಲಿ ಮೊದಲ ಆರತಿ ನನ್ನ ಕೈಗೇ ಕೊಡುತ್ತಾರೆ. ಅಷ್ಟು ಗೌರವ.

ಆಮೇಲೆ ಉತ್ತಮ್, "ಒಬ್ರೇ ಓಡಿಸಿದ್ರೆ ಸುಸ್ತಾಗುತ್ತೆ. ನನಗೆ ಮಂಡಿ ಆಪರೇಷನ್ ಆಗಿದೆ, ಲಕ್ಷ್ಮಿಗೆ ಡ್ರೈವಿಂಗ್ ಬರಲ್ಲ. ನಟ್ಟೂ, ಬೆಳಗ್ಗೆ ಟೇಸ್ಟಿಂಗ್‌ಗೆ ಮುಂಚೆ ನೀನು ಓಡಿಸೋ. ಲೈಸೆನ್ಸ್ ಫೋಟೊ ಕಳಿಸು," ಅಂದರು.

ನಟರಾಜ್ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. "ಬೇರೆಯವರು ಓಡಿಸಿದ್ರೆ ವೇದಾಗೆ ತಲೆ ಸುತ್ತುತ್ತೆ ಕಣೋ."

ನನಗೆ ತಲೆ ಸುತ್ತುತ್ತದೆ ಎಂಬುದು ನನಗೆ ಗೊತ್ತಾದದ್ದು ಆಗಲೇ. ಉತ್ತಮ್ ಬಿಡಲಿಲ್ಲ. ಎರಡನೆಯ ಹೆಸರು ಬೇಕೇ ಬೇಕು, ಅತ್ತಿಗೆಯೇ ಇವನನ್ನು ಒಪ್ಪಿಸಲಿ ಅಂದರು. ಫೋನ್ ಇಟ್ಟ ಮೇಲೆ ನಟರಾಜ್ ನನ್ನ ಕಡೆ ತಿರುಗಿ, "ಏನಾದ್ರೂ ಹೇಳಿ ಸರಿಮಾಡು," ಅಂದು ಮೀಟಿಂಗಿಗೆ ಕೂತರು.

ಪ್ರಥಮ್‌ಗೆ ನನ್ನ ಆಶೀರ್ವಾದ. ಕೋಡುಬಳೆ ತಲುಪಿದ ದಿನ "ಯಮ್, ದೊಡ್ಡಮ್ಮ, ಸೆಂಡ್ ಮೋರ್" ಅಂತ ಮೆಸೇಜ್ ಹಾಕಿದ್ದ. ಮತ್ತೆ ಮಾಡಿ ಕಳಿಸುತ್ತೇನೆ. ನೀವೆಲ್ಲ ಚೆನ್ನಾಗಿರಿ.

ನಿನ್ನ ಅಕ್ಕ,
ವೇದಾ

ಮರೆತ ಮಾತು: "ಅಕ್ಕ, ಹರಕೆ ಯಾವ ದೇವರಿಗೆ? 2023ರ ಕ್ರಿಸ್‌ಮಸ್‌ನಲ್ಲಿ ನಾವಿಬ್ರೂ ಸೇರಿ ಒಂದು ಬಾಟಲ್ ಮುಗಿಸಿದ್ವಲ್ಲ?" ಅಂತ ಯುಗಾದಿಗೆ ನೀನು ಕೇಳಿದ್ದೆ. ಯಾವ ದೇವರಿಗೂ ಅಲ್ಲ. ಹೋದ ವರ್ಷ ನಟರಾಜ್ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದರು. ಕೋರ್ಟು ಲೈಸೆನ್ಸ್ ರದ್ದು ಮಾಡಿತು. ಯಾರಿಗೂ ತಿಳಿಯಬಾರದು ಅಂದರು. ಎಲ್ಲ ಕಡೆಗೂ ನಾನೇ ಓಡಿಸುವುದನ್ನು ಕಂಡು ಜನ ಕೇಳತೊಡಗಿದಾಗ, ಅವಳಿಗೆ ಹರಕೆ ಇದೆ, ಕುಡಿಯಲ್ಲ, ಅದಕ್ಕೇ ಓಡಿಸ್ತಾಳೆ ಅಂದವರು ಅವರು. ದೇವರ ಹೆಸರು ಬಂದ ಮೇಲೆ ಯಾರೂ ನನಗೆ ಗ್ಲಾಸ್ ನೀಡಲಿಲ್ಲ, ಯಾರೂ ಮುಂದೆ ಕೇಳಲೂ ಇಲ್ಲ. ಅವರು ಈಗಲೂ ಕುಡಿಯುತ್ತಾರೆ. ಬಿಟ್ಟವಳು ನಾನು.

ಜೂನ್ 7, ಶನಿವಾರ, ಇಲ್ಲಿನ ಬೆಳಿಗ್ಗೆ ಹನ್ನೊಂದಕ್ಕೆ ವಿಡಿಯೊ ಕಾಲ್ ಇದೆ. ಎರಡನೆಯ ಡ್ರೈವರ್ ಹೆಸರು ಅವತ್ತು ಕೊಡಬೇಕು. ಉತ್ತಮ್ ನನ್ನನ್ನೇ ಕೇಳುತ್ತಾರೆ. ನಟರಾಜ್ ನನ್ನ ಪಕ್ಕದಲ್ಲಿ ಕೂತಿರುತ್ತಾರೆ.