ಎರಡು ಕುರ್ಚಿ ಹಾಕಿಸಿ

ಪ್ರೀತಿಯ ಟೀಚರ್, ಅಲ್ಲಲ್ಲ, ಅತ್ತೆ!

ಮದುವೆಗೆ ನೀವು ಬರಲಿಲ್ಲ, ಆದರೂ ನಾವು ತುಂಬಾ ತುಂಬಾ ಖುಷಿಯಾಗಿದ್ದೇವೆ! ಇವರು ದಿನಾ ನನಗೆ ಟೀ ಮಾಡಿಕೊಡುತ್ತಾರೆ, ಹಾಡುತ್ತಲೇ!

ಶಾಲೆಯ ಮಕ್ಕಳು ಈ ವರ್ಷವೂ ಅದೇ ಹಳೆಯ ರಾಜನ ನಾಟಕ ಆಡುತ್ತಾರಂತೆ, ಮುಖ್ಯ ಅತಿಥಿಯಾಗಿ ನಿಮ್ಮ ಮಗ "ಒಬ್ಬನೇ" ಬರಬೇಕಂತೆ. ನೀವು ಇವರಿಗೆ ಬರೆದ ಪತ್ರ ಓದಿ ನನ್ನ ಏಳನೇ ಕ್ಲಾಸು ನೆನಪಾಯಿತು. ಆಗ ರಾಣಿ ನಾನು. "ನನ್ನ ಅರಸನನ್ನು ಹರಸಿ" ಅನ್ನುವ ಬದಲು "ನನ್ನ ಹರಸನನ್ನು ಅರಸಿ" ಅಂದುಬಿಟ್ಟೆ.

"ಹುಡುಕೋಕೆ ಅವನೇನು ಕಳೆದುಹೋಗಿದ್ದಾನೇನೇ? ನಿನ್ನ ತೊದಲು ನಾಲಿಗೆಗೆ ಮರದ ಪಾರ್ಟೇ ಸರಿ, ಹೋಗು!" ಅಂದಿರಿ. ಎಲ್ಲರೂ ಬಿದ್ದು ಬಿದ್ದು ನಕ್ಕರು. ರಾಜನಾಗಿದ್ದ ನಿಮ್ಮ ಮಗ ಮಾತ್ರ ನಗಲಿಲ್ಲ. ಅಂದಿನಿಂದ ಪ್ರತಿ ರಿಹರ್ಸಲ್‌ನಲ್ಲೂ ಬಂದು ಮರದ ಬುಡದಲ್ಲೇ ಕುಳಿತರು!

ಈಗ ನನ್ನದೊಂದು ಪುಟ್ಟ ಕೋರಿಕೆ. ವೇದಿಕೆಯ ಮೇಲೆ ಅತಿಥಿಗಳಿಗೆ ಎರಡು ಕುರ್ಚಿ ಹಾಕಿಸಿ. ಎಲ್ಲ ಪೋಷಕರ ಎದುರು ಮೈಕಿನಲ್ಲಿ "ಇವಳು ನನ್ನ ಸೊಸೆ" ಅನ್ನಿ. ಇಲ್ಲದಿದ್ದರೆ ಇಬ್ಬರೂ ಬರುವುದಿಲ್ಲ. ಇದು ನಿಮ್ಮ ಮಗನದೇ ಮಾತು.

ಸೊಸೆ ಅನ್ನುವಾಗ ನಾಲಿಗೆ ತೊದಲಬಾರದು, ಅತ್ತೆ. ಇನ್ನೂ ಸಮಯವಿದೆ, ಕನ್ನಡಿಯ ಮುಂದೆ ನಿಂತು ಚೆನ್ನಾಗಿ ಅಭ್ಯಾಸ ಮಾಡಿಕೊಳ್ಳಿ.

ನೀವಿನ್ನೂ ಮನೆಗೆ ಕರೆಯದ,
ನಿಮ್ಮ ಮಗನ ಹೆಂಡತಿ