ಕಾಯಿಗೆ ಕಾಯದ ಭಾವನಿಗೆ

ಭಾವವಿಲ್ಲದ ಭಾವನವರಿಗೆ,

ನಾದಿನಿಯ ನಮಸ್ಕಾರ, ದೂರದಿಂದ.

ಸಾಸಿವೆ ಕುಟುಂಬದ ತಜ್ಞರೆಂದು ಸಸ್ಯ ಸಂಗ್ರಹಾಲಯದ ನಿಮ್ಮ ಕೋಣೆಯ ಬಾಗಿಲಿಗೆ ಹಿತ್ತಾಳೆಯ ಫಲಕ ಜಡಿಸಿಕೊಂಡಿದ್ದೀರಿ. ಸ್ವಂತ ಕುಟುಂಬವನ್ನು, ಅಂದರೆ ನಮ್ಮ ಅಕ್ಕನನ್ನು, ಇಷ್ಟು ವರ್ಷ ಸಂಸಾರ ಮಾಡಿಯೂ ಗುರುತು ಹಿಡಿಯಲಿಲ್ಲ.

ಊರಾಚೆಯ ಗೋದಾಮೊಂದರ ಗೋಡೆಯ ಬುಡದಲ್ಲಿ ಒಂದು ಬಿಳಿ ಹೂವು ಕಂಡಿರಿ. ಎಸಳು ನಾಲ್ಕು, ಕೇಸರ ಆರು, ಅದರಲ್ಲಿ ನಾಲ್ಕು ಉದ್ದ, ಎರಡು ಗಿಡ್ಡ. ಸಾಸಿವೆಯ ಬಳಗವೆನ್ನಲು ಅಷ್ಟು ಸಾಕು. ಬಳಗದಲ್ಲಿ ಯಾರು ಎನ್ನಲು ಕಾಯಿ ಬೇಕು. ಇದನ್ನು ನಾನು ಕಾಲೇಜಿನಲ್ಲಿ ಮೊದಲ ವರ್ಷದ ಮಕ್ಕಳಿಗೇ ಹೇಳಿಕೊಡುತ್ತೇನೆ. ನೀವು ಕಾಯಿಗೆ ಕಾಯಲಿಲ್ಲ. ಹೊಸ ಪ್ರಭೇದವೆಂದು ಸಾರಿ, ನಿಮ್ಮದೇ ಹೆಸರಿಟ್ಟು, ಸಂಶೋಧನಾ ಪತ್ರಿಕೆಗೆ ಲೇಖನ ಕಳಿಸಿಬಿಟ್ಟಿರಿ. ಕಾಯಾ ವಾಚಾ ಮನಸಾ ದುಡಿಯುವವರನ್ನು ನೋಡಿದ್ದೇನೆ. ಕಾಯಿಯೇ ಇಲ್ಲದೆ ಬರೀ ವಾಚಾ ದುಡಿದವರು ನೀವೊಬ್ಬರೇ.

ಕಾಯಿ ಎಲ್ಲಿ ಎಂದು ಸಂಪಾದಕರು ಕೇಳಿದಾಗ, ಅದೇ ಸಂಗ್ರಹಾಲಯದಲ್ಲಿ ಗಿಡಗಳ ಚಿತ್ರ ಬರೆಯುವ ಅಕ್ಕನ ಮೇಜಿಗೆ ಬಂದಿರಿ.

"ಉದ್ದಕ್ಕೆ ಒಂದು ಕಾಯಿ ಎಳೆದುಬಿಡೇ, ಯಾರು ನೋಡ್ತಾರೆ?"

"ಕಾಣದ್ದನ್ನ ನಾನು ಬರೆಯಲ್ಲ ರೀ. ಸ್ವಲ್ಪ ತಡೀರಿ, ಗಿಡವೇ ಕಾಯಿ ಬಿಡುತ್ತೆ."

ತಡೆಯಲಿಲ್ಲ. ಕಾಯಿಯಿದ್ದ ಮಾದರಿಯನ್ನು ಇವಳೇ ಕಳೆದುಹಾಕಿದ್ದಾಳೆ ಎಂದು ನಿರ್ದೇಶಕರ ಮುಂದೆ ಹೇಳಿದಿರಿ. ಅಕ್ಕನ ಕೆಲಸಕ್ಕೆ ಸಂಚಕಾರ ಬಂತು. ಬಣ್ಣದ ಪೆಟ್ಟಿಗೆ ಎತ್ತಿಕೊಂಡು ನನ್ನ ಮನೆಗೆ ಬಂದಳು. ಪ್ರಭೇದ ಸಿಗದಿದ್ದರೇನು, ದಂಪತಿಗಳಲ್ಲಿ ಭೇದವನ್ನಂತೂ ಕಂಡುಹಿಡಿದಿರಿ.

ಮೊನ್ನೆ ನಾವಿಬ್ಬರೂ ಗೋದಾಮಿಗೆ ಹೋಗಿ ನೋಡಿದೆವು. ಕಾಯಿ ಬಿಟ್ಟಿದೆ, ಭಾವ. ಉದ್ದಕ್ಕಿಲ್ಲ. ಚಪ್ಪಟೆಯಾಗಿ, ಪುಟ್ಟ ಹೃದಯದ ಹಾಗಿದೆ. ನಿಮ್ಮ ಊಹೆಗೆ ನಿಲುಕದ ಆಕಾರವೇ ಸರಿ. ದೇಶದೇಶಗಳ ಕಸದಲ್ಲಿ ಬೆಳೆಯುವ, ಎಂದೋ ಹೆಸರು ಪಡೆದಿರುವ ಹಳೇ ಕಳೆ ಅದು. ಇಷ್ಟು ಕಳೆಯಿಂದಲೂ ನಿಮ್ಮ ಮುಖಕ್ಕೆ ಕಳೆ ಬರಲಿಲ್ಲವಲ್ಲ, ಪಾಪ.

ಆ ಕಾಯಿಯನ್ನೂ, ಅದನ್ನು ನೋಡಿ ಅಕ್ಕ ಬರೆದ ಚಿತ್ರವನ್ನೂ ನಿರ್ದೇಶಕರಿಗೆ ಒಪ್ಪಿಸಿದೆವು. ಆಗಿನ್ನೂ ಬಿಡದಿದ್ದ ಕಾಯಿಯನ್ನು ಅಕ್ಕ ಕಳೆದುಹಾಕಿದ್ದಾದರೂ ಹೇಗೆ ಎಂದು ಅವರಿಗೂ ಹೊಳೆಯಿತು. ಅವರು ಅಕ್ಕನನ್ನು ಸೋಮವಾರ ಕೆಲಸಕ್ಕೆ ಬರಹೇಳಿದ್ದಾರೆ. ನಿಮ್ಮನ್ನು ಅದಕ್ಕೂ ಮೊದಲೇ ಕರೆಸುತ್ತಾರಂತೆ.

"ಹಾಗಾದ್ರೆ ಮನೆಗೂ ಹೋಗ್ತೀಯೇನೇ?" ಎಂದು ಕೇಳಿದೆ.

ಕುಂಚ ತೊಳೆಯುತ್ತಿದ್ದವಳು ತಲೆ ಎತ್ತಲಿಲ್ಲ. "ಮೇಜಿಗೆ ಹೋಗ್ತೀನಿ ಕಣೇ. ಮನೆ ವಿಷಯ, ಅವರು ಎಲ್ಲಿ ಸುಳ್ಳು ಹೇಳಿದ್ರೋ ಅಲ್ಲೇ ನಿಂತು ಅದನ್ನ ನುಂಗಲಿ, ಆಮೇಲೆ ನೋಡೋಣ."

ನುಂಗುವ ಶಕ್ತಿಯನ್ನು ದೇವರು ನಿಮ್ಮ ಗಂಟಲಿಗೆ ಕರುಣಿಸಲಿ. ನೀರು ಬೇಕಾದರೆ ಹೇಳಿಕಳಿಸಿ.

ಸದ್ಯಕ್ಕೆ ನಿಮ್ಮ,
ನಾದಿನಿ